ಉಡುಪಿಯ ಪದವಿಯೂ ಬೆಂಗಳೂರಿನ ಫಲಕವೂ

ಕುಂದಾಪುರ, ಬೈಂದೂರು, ಬ್ರಹ್ಮಾವರಗಳ ಮನೆಗಳಲ್ಲಿ ಮಗನೋ ಮಗಳೋ ವಕೀಲವೃತ್ತಿಯ ಮಾತೆತ್ತಿದೊಡನೆ ಜಗುಲಿಯಲ್ಲಿ ಕುಳಿತ ಬಂಧುವರ್ಗವು ಏಕಕಂಠದಿಂದ ಘೋಷಿಸುವ ಸಿದ್ಧಾಂತವೊಂದುಂಟು: ಉಡುಪಿಯಲ್ಲಿ ಓದಿದವರು ತಾಲೂಕು ಕೋರ್ಟಿನಲ್ಲೇ ಮುದುಕರಾಗುವರು, ಬೆಂಗಳೂರಿನಲ್ಲಿ ಓದಿದವರು ಹೈಕೋರ್ಟಿಗೆ ಏರುವರು. ಹೀಗೆ ನುಡಿಯುವವರಲ್ಲಿ ಬಹುಮಂದಿ ಕೋರ್ಟಿನ ಮೆಟ್ಟಿಲನ್ನೇ ಹತ್ತಿದವರಲ್ಲವೆಂಬುದು ಅವರ ನಿಶ್ಚಯಕ್ಕೆ ಎಳ್ಳಷ್ಟೂ ಕುಂದು ತಂದಂತಿಲ್ಲ.

ಉಡುಪಿಯ ವೈಕುಂಠ ಬಾಳಿಗಾ ಕಾನೂನು ಕಾಲೇಜು 1957ರಿಂದ ನಡೆದುಬಂದಿದೆ. 2009ರಲ್ಲಿ ಹುಬ್ಬಳ್ಳಿಯಲ್ಲಿ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯವು ಸ್ಥಾಪಿತವಾದ ತರುವಾಯ, ಅದರ ಅಧೀನದ, ಸ್ವಾಯತ್ತತೆ ಪಡೆಯದ ಕಾಲೇಜು ಉಡುಪಿಯಲ್ಲಿರಲಿ, ಬೆಂಗಳೂರಿನಲ್ಲಿರಲಿ, ಪಠ್ಯಕ್ರಮವೂ ಪ್ರಶ್ನಪತ್ರಿಕೆಯೂ ಪದವಿಪತ್ರದ ಮೇಲಿನ ಮುದ್ರೆಯೂ ಒಂದೇ. ಅದೇ ಪ್ರಶ್ನೆಗೆ ಅದೇ ಉತ್ತರವನ್ನು ನಾನೂರು ಕಿಲೋಮೀಟರು ದೂರದ ಹಾಸ್ಟೆಲಿನಲ್ಲಿದ್ದು ಬರೆದ ಮಾತ್ರಕ್ಕೆ ತೂಕ ಹೆಚ್ಚುವುದೆಂತು? ನಾಗರಭಾವಿಯ ರಾಷ್ಟ್ರೀಯ ಕಾನೂನು ಶಾಲೆಯನ್ನು ಬೆರಳು ಮಾಡಿ ತೋರಿಸುವರು. ಅದರ ಮಾತೇ ಬೇರೆ. ಕ್ಲ್ಯಾಟ್ ಪರೀಕ್ಷೆಯನ್ನು ಗೆದ್ದು ಅಲ್ಲಿ ಸೇರಿದವರನ್ನು ಮುಂಬಯಿ, ಬೆಂಗಳೂರುಗಳ ಕಾರ್ಪೊರೇಟ್ ಕಾನೂನು ಸಂಸ್ಥೆಗಳು ಓದು ಮುಗಿಯುವ ಮುನ್ನವೇ ಆರಿಸಿಕೊಳ್ಳುವುದು ದಿಟ. ಅಲ್ಲಿ ಹೆಸರಿಗೆ ನಿಜವಾಗಿಯೂ ಬೆಲೆಯುಂಟು. ಆ ಒಂದು ಶಾಲೆಯ ಕೀರ್ತಿಯನ್ನು ನಗರದ ಸಕಲ ಕಾಲೇಜುಗಳಿಗೂ ಪ್ರಸಾದದಂತೆ ಹಂಚುವುದು ಯಾವ ನ್ಯಾಯ?

ಕುಂದಾಪುರದ ಸಿವಿಲ್ ನ್ಯಾಯಾಲಯಕ್ಕೆ ಪಾಲಿನ ದಾವೆಯೊಂದು ಬಂದಿತೆನ್ನೋಣ. ಅಳಿಯಸಂತಾನದ ಕುಟುಂಬದಲ್ಲಿ ಯಾವ ಕವರಿಗೆ ಎಷ್ಟು ಪಾಲು, 1949ರ ಅಳಿಯಸಂತಾನ ಕಾಯಿದೆಯಿಂದ 1956ರ ಹಿಂದೂ ಉತ್ತರಾಧಿಕಾರ ಕಾಯಿದೆಗೆ ಬರುವಷ್ಟರಲ್ಲಿ ಆ ಹಕ್ಕು ಯಾವ ರೂಪ ತಾಳಿತು, ಗದ್ದೆ ಮೂಲಗೇಣಿಯದೋ ಚಾಲಗೇಣಿಯದೋ, ಭೂನ್ಯಾಯಮಂಡಳಿಯ ಮುಂದೆ ಡಿಕ್ಲರೇಶನ್ ಕೊಟ್ಟವರಾರು, ವರ್ಗಸ್ಥಳಕ್ಕೆ ತಾಗಿದ ಕುಮ್ಕಿಯನ್ನು ಅನುಭವಿಸಿದವರಾರು ಎಂಬುದನ್ನೆಲ್ಲ ಹಳೆಯ ಅಡಂಗಲ್ಲಿನ ಮಾಸಿದ ಅಕ್ಷರಗಳಿಂದ ಬಿಡಿಸಿ ತೆಗೆಯುವ ವಿದ್ಯೆಯು ಹಿರಿಯ ವಕೀಲರ ಕಚೇರಿಯಲ್ಲಿ ಕಡತ ಹೊತ್ತು ಕಲಿಯತಕ್ಕದ್ದು. ವಕಾಲತ್ತಿಗೆ ಸಹಿ ಹಾಕುವ ಕಕ್ಷಿದಾರನು ವಕೀಲರ ಕಾಲೇಜನ್ನು ವಿಚಾರಿಸಿದ್ದುಂಟೆ?

ಮೂಡುಬಿದಿರೆಯ ಬಳಿಯ ಬೆಳುವಾಯಿಯ ಎಸ್. ಅಬ್ದುಲ್ ನಜೀರ್ ಅವರು ಓದಿದ್ದು ಮಂಗಳೂರಿನ ಎಸ್‌ಡಿಎಂ ಕಾನೂನು ಕಾಲೇಜಿನಲ್ಲಿ. 1983ರಲ್ಲಿ ಸನ್ನದು ಪಡೆದು, 2017ರಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳಾದರು. ಒಬ್ಬರ ದೃಷ್ಟಾಂತದಿಂದ ನಿಯಮವು ಸಿದ್ಧವಾಗದೆಂಬುದು ಸರಿಯೇ. ಆದರೆ 'ಸಾಧ್ಯವೇ ಇಲ್ಲ' ಎಂಬ ವಾದವನ್ನು ಕೆಡಹಲು ಒಂದೇ ದೃಷ್ಟಾಂತವು ಸಾಕು.

ಮೂರು ವರ್ಷದ ಪದವಿ ಕೀಳು, ಐದು ವರ್ಷದ್ದು ಮೇಲು ಎಂಬುದು ಇನ್ನೊಂದು ಭ್ರಮೆ. ಸನ್ನದಿಗೆ ಎರಡೂ ಸಮಾನ. ದೊಡ್ಡ ಕಾಲೇಜಿನವರಿಗೆ ನ್ಯಾಯಾಧೀಶರ ಹುದ್ದೆ ಸುಲಭವೆಂಬುದೂ ಅಂಥದೇ: ಸಿವಿಲ್ ನ್ಯಾಯಾಧೀಶರ ಪರೀಕ್ಷೆಯಲ್ಲಿ ಕನ್ನಡ–ಇಂಗ್ಲಿಷ್ ಭಾಷಾಂತರದ ಪತ್ರಿಕೆಯೂ ಉಂಟು, ಅದು ಯಾರ ಕಾಲೇಜನ್ನೂ ಕೇಳದು. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಆ ಹುದ್ದೆಗೆ ಮೂರು ವರ್ಷದ ವಕೀಲಿಯನ್ನು ಮತ್ತೆ ಕಡ್ಡಾಯಗೊಳಿಸಿದ್ದರಿಂದ, ಹಿರಿಯರ ಕಚೇರಿಯ ದಾರಿಯನ್ನು ತಪ್ಪಿಸಿಕೊಳ್ಳುವಂತೆಯೂ ಇಲ್ಲ.

ಐದು ಸೆಂಟ್ಸ್ ಜಾಗ ಕೊಳ್ಳುವಾಗ ಆರ್‌ಟಿಸಿ, ನಕ್ಷೆ, ಋಣಭಾರ ಪತ್ರಗಳನ್ನು ಮೂವರಿಗೆ ತೋರಿಸಿ, ಗಡಿಕಲ್ಲನ್ನು ಮುಟ್ಟಿ ನೋಡಿದ ಮೇಲೆಯೇ ಮುಂಗಡ ಕೊಡುವ ನಮ್ಮ ಜನರು, ಲಕ್ಷಾಂತರ ರೂಪಾಯಿಗಳ ಶುಲ್ಕವನ್ನು ಹೆದ್ದಾರಿಯ ಬದಿಯ ಜಾಹೀರಾತು ಫಲಕವನ್ನು ನಂಬಿ ಕಟ್ಟಿಬರುವರು. ಆ ಕಾಲೇಜು ಯಾವ ವಿಶ್ವವಿದ್ಯಾಲಯಕ್ಕೆ ಸೇರಿದ್ದು, ವಕೀಲರ ಪರಿಷತ್ತಿನ ಮನ್ನಣೆ ಈ ವರ್ಷಕ್ಕೆ ಇದೆಯೇ ಎಂದು ಕೇಳಿದರೆ ಬರುವ ಉತ್ತರ: "ಹ್ವಾಯ್, ಅದ್ ಬೆಂಗ್ಳೂರಲ್ದಾ ಮರಾಯ್ರೆ!"