ಹತ್ತು ಕಿಲೋವ್ಯಾಟ್‌ನ ಒತ್ತಾಸೆ

ಕಾರನ್ನು ಹುಮ್ಮಸ್ಸಿನಿಂದ ಓಡಿಸುವ ಕಾಲಿಗೂ ಪೆಟ್ರೋಲ್ ಉಳಿಸುವ ಕಾಲಿಗೂ ಹುಟ್ಟು ವೈರ. ಮೊದಲನೆಯದು ತಿರುವು ಎದುರಿಗೆ ಬರುವ ತನಕ ಆಕ್ಸಲರೇಟರ್ ಬಿಡುವುದಿಲ್ಲ, ಕೊನೆ ಗಳಿಗೆಯಲ್ಲಿ ಬ್ರೇಕನ್ನು ಗಟ್ಟಿಯಾಗಿ ತುಳಿಯುತ್ತದೆ. ಎರಡನೆಯದು ದೂರದಲ್ಲಿ ಸಿಗ್ನಲ್ ಕೆಂಪಾದದ್ದು ಕಂಡೊಡನೆ ಮೇಲೆದ್ದು, ಕಾರು ಇದ್ದ ವೇಗದಲ್ಲೇ ಉರುಳಿಕೊಂಡು ಹೋಗಲು ಬಿಡುತ್ತದೆ. ಈ ಎರಡೂ ಸ್ವಭಾವಗಳನ್ನು ಒಂದೇ ಸೀಟಿನಲ್ಲಿ ಕೂರಿಸುತ್ತೇನೆಂದು ಹೊರಟ ಕಾರು ಹೋಂಡಾ ಸಿಆರ್-ಝಡ್. 2010ರ ಫೆಬ್ರವರಿಯಲ್ಲಿ ಜಪಾನಿನಲ್ಲಿ, ಅದೇ ವರ್ಷದ ಆಗಸ್ಟಿನಲ್ಲಿ ಅಮೆರಿಕದಲ್ಲಿ ಮಾರಾಟಕ್ಕೆ ಬಂತು. ಹೈಬ್ರಿಡ್ ಕಾರಿಗೆ ಆರು ಗೇರಿನ ಮ್ಯಾನ್ಯುಅಲ್ ಗೇರ್‌ಬಾಕ್ಸ್ ಕೂರಿಸಿದ್ದು ಅದೇ ಮೊದಲು.

ನಾನಾಗ ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿದ್ದೆ. ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ಕ್ಲಚ್ ತುಳಿದು ಡ್ರೈವಿಂಗ್ ಕಲಿತವನಿಗೆ ಅಮೆರಿಕದಲ್ಲಿ ಎಡಗಾಲಿಗೆ ಕೆಲಸವೇ ಇಲ್ಲ ಅನ್ನಿಸಿಬಿಟ್ಟಿತ್ತು. ಹೈಬ್ರಿಡ್ಡೂ ಬೇಕು, ಗೇರೂ ಬೇಕು ಎಂದು ಹಟ ಹಿಡಿದವನಿಗೆ ಬೇರೆ ಆಯ್ಕೆಯೇ ಇರಲಿಲ್ಲ. ಮೂಲ ದರ 19,200 ಡಾಲರ್. ಶೋರೂಂನಲ್ಲಿ ಸಾಲಾಗಿ ನಿಂತಿದ್ದವೆಲ್ಲ ಗೇರಿಲ್ಲದವು. ಮ್ಯಾನ್ಯುಅಲ್ ಕೇಳಿದ್ದಕ್ಕೆ ಮಾರಾಟಗಾರ ನನ್ನನ್ನೊಮ್ಮೆ ಮೇಲಿಂದ ಕೆಳಗೆ ನೋಡಿ, ಬೇರೆ ಊರಿನಿಂದ ತರಿಸಿ ಕೊಡುವುದಾಗಿ ಹೇಳಿದ.

ಕಾರು ನೋಡಲು ಚೆಂದ, ಆದರೆ ಹಿಂಭಾಗ ವಿಚಿತ್ರ. ಛಾವಣಿ ನಿಧಾನವಾಗಿ ಇಳಿಯುತ್ತ ಹೋಗಿ ಕೊನೆಯಲ್ಲಿ ಕತ್ತಿಯಿಂದ ಕಡಿದಂತೆ ನಿಂತುಬಿಡುತ್ತದೆ. ಇದು ಬರೀ ಶೋಕಿಯಲ್ಲ. ಗಾಳಿಯನ್ನು ಸೀಳಿಕೊಂಡು ಹೋಗುವ ವಸ್ತುವಿನ ಹಿಂಬದಿ ಉದ್ದಕ್ಕೆ ಚೂಪಾಗುತ್ತ ಹೋದರೆ ಗಾಳಿಯ ಎಳೆತ ಕಡಿಮೆ. ಅಷ್ಟುದ್ದದ ಬಾಲ ಹೊತ್ತ ಕಾರನ್ನು ನಿಲ್ಲಿಸಲು ಜಾಗ ಎಲ್ಲಿದೆ? ಇಳಿಜಾರನ್ನು ಸ್ವಲ್ಪ ದೂರ ಬೆಳೆಸಿ, ಅಲ್ಲಿ ಥಟ್ಟನೆ ಕತ್ತರಿಸಿದರೂ ಲಾಭದ ಬಹುಪಾಲು ಉಳಿಯುತ್ತದೆ ಎಂಬುದು 1930ರ ದಶಕದಲ್ಲಿ ಜರ್ಮನಿಯ ಎಂಜಿನಿಯರ್ ವೂನಿಬಾಲ್ಡ್ ಕಾಮ್ ಅವರ ಕೆಲಸದಿಂದ ಹೊರಬಂದ ಸಂಗತಿ. ಈ ಬಗೆಯ ಹಿಂಬದಿಗೆ ಇಂದಿಗೂ ಅವರದೇ ಹೆಸರು. ಇದಕ್ಕೆ ತೆರುವ ಬೆಲೆಯೂ ಉಂಟು. ಹಿಂದಿನ ಗಾಜು ಅಡ್ಡಪಟ್ಟಿಯಿಂದ ಎರಡು ತುಂಡಾಗಿ, ರಿವರ್ಸ್ ತೆಗೆಯುವಾಗ ಹಿಂದೆ ಏನಿದೆ ಎಂದು ಕತ್ತು ತಿರುಗಿಸಿ ನೋಡಿದರೂ ಅರೆಬರೆ ಕಾಣುತ್ತದೆ. ಅಮೆರಿಕದ ಮಾದರಿಗೆ ಹಿಂದಿನ ಸೀಟೇ ಇಲ್ಲ, ಸಾಮಾನಿಡುವ ಗುಂಡಿಗಳಷ್ಟೇ. ಮಕ್ಕಳಿರುವವರು ಇಲ್ಲಿಗೇ ಓದು ನಿಲ್ಲಿಸಬಹುದು.

ಈಗ ಬಾನೆಟ್ಟಿನ ಒಳಗೆ. ಅಲ್ಲಿರುವುದು 1.5 ಲೀಟರಿನ ನಾಲ್ಕು ಸಿಲಿಂಡರ್ ಪೆಟ್ರೋಲ್ ಎಂಜಿನ್. ಅದರ ಮತ್ತು ಗೇರ್‌ಬಾಕ್ಸಿನ ನಡುವೆ ಒಂದು ಚಪ್ಪಟೆ ವಿದ್ಯುತ್ ಮೋಟಾರು. ಅದರ ಶಕ್ತಿ ಬರೀ 10 ಕಿಲೋವ್ಯಾಟ್, ಅಂದರೆ ಸುಮಾರು 13 ಹಾರ್ಸ್‌ಪವರ್. ನಮ್ಮೂರಿನ ಒಂದು ಸಾಧಾರಣ ಬೈಕಿನಷ್ಟು. ಎಂಜಿನ್, ಮೋಟಾರು ಎರಡೂ ಸೇರಿ 122 ಹಾರ್ಸ್‌ಪವರ್. ಕಾಗದದ ಮೇಲೆ ಇದನ್ನು ನೋಡಿದಾಗ, ಇಷ್ಟಕ್ಕಾಗಿ ಬ್ಯಾಟರಿಯ ಭಾರ ಹೊರಬೇಕೆ ಎಂದು ನನಗೂ ಅನ್ನಿಸಿತ್ತು.

ಮೊದಲ ಸಲ ಕ್ಲಚ್ ಬಿಟ್ಟಾಗ ಆ ಪ್ರಶ್ನೆಗೆ ಉತ್ತರ ಸಿಕ್ಕಿತು. ಚಿಕ್ಕ ಎಂಜಿನ್ನಿನ ಕಾರು ಎರಡನೇ ಗೇರಿನಲ್ಲಿ ನಿಧಾನವಾಗಿ ಹೋಗುತ್ತಿರುವಾಗ ಆಕ್ಸಲರೇಟರ್ ಒತ್ತಿದರೆ ಒಂದು ಕ್ಷಣ ಗೊಣಗಿ, ಆಮೇಲೆ ಎಳೆಯುತ್ತದೆ. ಇದು ಗೊಣಗಲಿಲ್ಲ. ಕಾಲು ಒತ್ತಿದ ಕೂಡಲೇ ಬೆನ್ನಿಗೆ ಯಾರೋ ಅಂಗೈ ಇಟ್ಟು ತಳ್ಳಿದಂತಾಯಿತು. ನಾವು ಪಿಕಪ್ ಅನ್ನುತ್ತೇವಲ್ಲ, ಅದು.

ಕಾರಣ ಇರುವುದು ಹಾರ್ಸ್‌ಪವರಿನಲ್ಲಲ್ಲ, ಟಾರ್ಕಿನಲ್ಲಿ. ಚಕ್ರದ ದಂಡವನ್ನು ತಿರುಚುವ ಬಲ ಟಾರ್ಕ್. ಆ ಬಲವನ್ನು ನಿಮಿಷಕ್ಕೆ ಎಷ್ಟು ಸುತ್ತು ಒದಗಿಸಬಲ್ಲದು ಎಂಬುದನ್ನೂ ಲೆಕ್ಕಕ್ಕೆ ಹಿಡಿದರೆ ಹಾರ್ಸ್‌ಪವರ್. ಪೆಟ್ರೋಲ್ ಎಂಜಿನ್ನಿಗೆ ಉಸಿರಾಟ ಬೇಕು. ಗಾಳಿಯನ್ನು ಒಳಗೆಳೆದುಕೊಂಡು, ಪೆಟ್ರೋಲ್ ಬೆರೆಸಿ, ಸುಟ್ಟು, ಹೊಗೆಯನ್ನು ಹೊರದೂಡಬೇಕು. ನಿಮಿಷಕ್ಕೆ ಸಾವಿರ ಸುತ್ತಿನಲ್ಲಿ ಅದರ ಉಸಿರು ಸಣ್ಣದು; ಸುತ್ತು ಏರಿದಂತೆ ಸಿಲಿಂಡರಿನೊಳಗೆ ಗಾಳಿ ಚೆನ್ನಾಗಿ ತುಂಬತೊಡಗುತ್ತದೆ. ಸಿಆರ್-ಝಡ್‌ನ ಎಂಜಿನ್ ತನ್ನ ಗರಿಷ್ಠ 145 ನ್ಯೂಟನ್ ಮೀಟರ್ ಟಾರ್ಕ್ ಕೊಡಬೇಕಾದರೆ 4,800 ಸುತ್ತಿನವರೆಗೆ ಕಾಯಬೇಕು. ವಿದ್ಯುತ್ ಮೋಟಾರಿಗೆ ಈ ರಗಳೆ ಇಲ್ಲ. ತಂತಿಯ ಸುರುಳಿಯಲ್ಲಿ ಕರೆಂಟು ಹರಿದ ಕ್ಷಣವೇ ಅಯಸ್ಕಾಂತದ ಸೆಳೆತ ಹುಟ್ಟುತ್ತದೆ, ನಿಂತಲ್ಲೇ ಪೂರ್ತಿ ಬಲ. ವೇಗ ಏರಿದಂತೆ ಅದು ಸೋಲುತ್ತದೆ, ಏಕೆಂದರೆ ಜೋರಾಗಿ ತಿರುಗುವ ಮೋಟಾರು ತಾನೇ ಜನರೇಟರಿನಂತೆಯೂ ವರ್ತಿಸಿ ಒಳಬರುವ ಕರೆಂಟಿಗೆ ಎದುರು ಒತ್ತಡ ಹುಟ್ಟಿಸುತ್ತದೆ. ಒಬ್ಬರ ಶಕ್ತಿ ಕುಂದುವ ಹೊತ್ತಿಗೆ ಇನ್ನೊಬ್ಬರ ಶಕ್ತಿ ಏರುತ್ತದೆ. ಇಬ್ಬರೂ ಜೊತೆಗೂಡಿದಾಗ ಗರಿಷ್ಠ ಟಾರ್ಕ್ 174 ನ್ಯೂಟನ್ ಮೀಟರ್ ಆಗುತ್ತದೆ, ಅದೂ 1,000 ಸುತ್ತಿನಲ್ಲೇ ಕೈಗೆ ಸಿಗುತ್ತದೆ. 1.5 ಲೀಟರಿನ ಕಾರಿಗೆ 1.8 ಲೀಟರಿನ ಮೈಕಟ್ಟು ಬಂದದ್ದು ಹೀಗೆ.

ಮೋಟಾರು ಎಂಜಿನ್ನಿನ ದಂಡಕ್ಕೇ ಅಂಟಿಕೊಂಡಿರುವುದರಿಂದ ಒಂದು ತಿರುಗದೆ ಇನ್ನೊಂದು ತಿರುಗುವುದಿಲ್ಲ. ಹಾಗಾಗಿ ಟೊಯೊಟಾ ಪ್ರಿಯಸ್‌ನಂತೆ ಬರೀ ಕರೆಂಟಿನ ಮೇಲೆ ಸದ್ದಿಲ್ಲದೆ ಬೀದಿ ದಾಟುವ ಚಮತ್ಕಾರ ಇದರಲ್ಲಿಲ್ಲ. ಸಿಗ್ನಲ್ಲಿನಲ್ಲಿ ನ್ಯೂಟ್ರಲ್‌ಗೆ ಹಾಕಿ ನಿಂತಾಗ ಮಾತ್ರ ಎಂಜಿನ್ ತಾನಾಗಿ ನಿಂತುಬಿಡುತ್ತದೆ. ಮೈಸೂರಿನಿಂದ ಬಂದಿದ್ದ ಅಪ್ಪ ಮೊದಲ ಸಿಗ್ನಲ್ಲಿನಲ್ಲೇ, "ಏನೋ ಇದು, ಗಾಡಿ ಆಫ್ ಆಗೋಯ್ತಲ್ಲೋ, ಹಿಂದಿನೋರು ಹಾರ್ನ್ ಹೊಡೀತಾರೆ ಈಗ" ಎಂದು ಗಾಬರಿಯಾದರು. ಕ್ಲಚ್ ತುಳಿದು ಮೊದಲ ಗೇರಿಗೆ ಹಾಕುವಷ್ಟರಲ್ಲಿ ಎಂಜಿನ್ ಮತ್ತೆ ತಿರುಗುತ್ತಿತ್ತು. ಸಾಮಾನ್ಯ ಸ್ಟಾರ್ಟರಿನ ಕರಕರ ಸದ್ದಿಲ್ಲ. ಆ ಕೆಲಸವನ್ನೂ ಅದೇ ಚಪ್ಪಟೆ ಮೋಟಾರು ಮಾಡುತ್ತದೆ.

ಸ್ಟಿಯರಿಂಗ್ ಪಕ್ಕದಲ್ಲಿ ಮೂರು ಗುಂಡಿಗಳು: ಎಕಾನ್, ನಾರ್ಮಲ್, ಸ್ಪೋರ್ಟ್. ಸ್ಪೋರ್ಟ್ ಒತ್ತಿದರೆ ಮೀಟರಿನ ಬಳೆ ಕೆಂಪಾಗುತ್ತದೆ, ಸ್ಟಿಯರಿಂಗ್ ಬಿಗಿಯಾಗುತ್ತದೆ, ಆಕ್ಸಲರೇಟರ್ ಚುರುಕಾಗುತ್ತದೆ, ಮೋಟಾರು ಹೆಚ್ಚು ಧಾರಾಳಿಯಾಗುತ್ತದೆ. ಎಂಜಿನ್ ಅದೇ, ಬ್ಯಾಟರಿ ಅದೇ. ಗುಂಡಿ ಬದಲಿಸುವುದು ಕಾರಿನ ಶಕ್ತಿಯನ್ನಲ್ಲ, ಅದನ್ನು ಯಾವ ದರದಲ್ಲಿ ಖರ್ಚು ಮಾಡಬೇಕೆಂಬ ನಿಯಮವನ್ನು.

ಆ ಖರ್ಚಿನ ಲೆಕ್ಕ ಬಿಡಿಸಿ ನೋಡಿದರೇ ಸಿಆರ್-ಝಡ್‌ನ ಮಿತಿಗಳು ಅರ್ಥವಾಗುವುದು. ಡಿಕ್ಕಿಯ ನೆಲದಡಿಯಲ್ಲಿರುವ ನಿಕಲ್ ಮೆಟಲ್ ಹೈಡ್ರೈಡ್ ಬ್ಯಾಟರಿಯ ಸಾಮರ್ಥ್ಯ 0.58 ಕಿಲೋವ್ಯಾಟ್ ಅವರ್. ಮನೆಯ ಕರೆಂಟ್ ಬಿಲ್ಲಿನ ಭಾಷೆಯಲ್ಲಿ ಅರ್ಧ ಯೂನಿಟ್ಟಿಗಿಂತ ಚೂರು ಹೆಚ್ಚು. ಒಂದು ಲೀಟರ್ ಪೆಟ್ರೋಲಿನಲ್ಲಿ ಸುಮಾರು ಒಂಬತ್ತು ಯೂನಿಟ್ ಶಕ್ತಿ ಅಡಗಿರುತ್ತದೆ. ಎಂದರೆ ಇಡೀ ಬ್ಯಾಟರಿ ತುಂಬಿದ್ದರೂ ಅದರಲ್ಲಿರುವುದು ಸುಮಾರು 65 ಮಿಲಿಲೀಟರ್ ಪೆಟ್ರೋಲಿನ ಶಕ್ತಿ. ಬ್ಯಾಟರಿ ಬೇಗ ಸವೆಯಬಾರದೆಂದು ಕಾರಿನ ಕಂಪ್ಯೂಟರ್ ಅದನ್ನು ಪೂರ್ತಿ ತುಂಬಲೂ ಬಿಡುವುದಿಲ್ಲ, ಪೂರ್ತಿ ಬರಿದಾಗಲೂ ಬಿಡುವುದಿಲ್ಲ. ಅರ್ಧದಷ್ಟು ಬಳಸಲು ಸಿಕ್ಕಿತು ಎಂದಿಟ್ಟುಕೊಂಡರೂ, ಹತ್ತು ಕಿಲೋವ್ಯಾಟ್ ದರದಲ್ಲಿ ಅದು ಎರಡು ನಿಮಿಷದೊಳಗೆ ಮುಗಿಯುತ್ತದೆ.

ಸ್ಯಾನ್ ಹೋಸೆಯ ಕಡೆಯಿಂದ ಸಾಂಟಾ ಕ್ರೂಸ್‌ನ ಕಡಲತೀರಕ್ಕೆ ಹೋಗುವ ಹೈವೇ 17 ಬೆಟ್ಟ ಹತ್ತಿ ಇಳಿಯುವ ಅಂಕುಡೊಂಕು ದಾರಿ. ಲಾಸ್ ಗೇಟೋಸ್ ಊರು ದಾಟಿದ ಮೇಲೆ ಸುಮಾರು 430 ಮೀಟರ್ ಏರಬೇಕು. ಚಾಲಕನೂ ಸೇರಿ 1,270 ಕಿಲೋ ತೂಗುವ ಕಾರನ್ನು ಅಷ್ಟೆತ್ತರಕ್ಕೆ ಎತ್ತಲು, ಗಾಳಿ ಮತ್ತು ಟಯರಿನ ತಡೆಯನ್ನು ಬಿಟ್ಟು, ಒಂದೂವರೆ ಯೂನಿಟ್ ಶಕ್ತಿ ಬೇಕು. ಬ್ಯಾಟರಿಯ ಪೂರ್ತಿ ಸಾಮರ್ಥ್ಯದ ಎರಡೂವರೆ ಪಟ್ಟು. ಹಾಗಾಗಿ ಉತ್ಸಾಹದಲ್ಲಿ ಹತ್ತಿದರೆ ಬ್ಯಾಟರಿಯ ಗೆರೆಗಳು ಒಂದೊಂದಾಗಿ ಆರುತ್ತವೆ, ಬೆಟ್ಟದ ಅರ್ಧದಲ್ಲೇ ಬೆನ್ನ ಮೇಲಿದ್ದ ಕೈ ಸರಿದುಹೋಗುತ್ತದೆ. ಅಲ್ಲಿಂದ ಮೇಲಕ್ಕೆ ಅದು ಬ್ಯಾಟರಿಯ ಭಾರ ಹೊತ್ತ ಬರೀ ಪೆಟ್ರೋಲ್ ಕಾರು. ಇಳಿಯುವಾಗ ಬ್ಯಾಟರಿ ಬಹಳ ಬೇಗ ತುಂಬುತ್ತದೆ. ಮಿಕ್ಕ ಶಕ್ತಿ ಬ್ರೇಕಿನ ಬಿಸಿಯಾಗಿ ಗಾಳಿಗೆ ಹೋಗುತ್ತದೆ.

ಬ್ರೇಕಿನ ಲೆಕ್ಕ ಇನ್ನೂ ಕುತೂಹಲದ್ದು. ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿರುವ ಈ ಕಾರಿನ ಚಲನಶಕ್ತಿ ಸುಮಾರು 490 ಕಿಲೋಜೂಲ್. ಆರು ಸೆಕೆಂಡಿನಲ್ಲಿ ನಿಲ್ಲಿಸಿದರೆ ಸರಾಸರಿ 80 ಕಿಲೋವ್ಯಾಟ್ ದರದಲ್ಲಿ ಶಕ್ತಿ ಹೊರಬೀಳುತ್ತದೆ. ಮೋಟಾರು ಜನರೇಟರಾಗಿ ಹಿಡಿಯಬಲ್ಲದ್ದು ಹತ್ತರ ಆಸುಪಾಸು. ಎಂಟರಲ್ಲಿ ಏಳು ಪಾಲು ಬ್ರೇಕ್ ಪ್ಯಾಡುಗಳ ಪಾಲಾಯಿತು. ಅದೇ ಅರ್ಧ ನಿಮಿಷ ತೆಗೆದುಕೊಂಡು ಮೆಲ್ಲಗೆ ವೇಗ ಇಳಿಸಿದರೆ ದರ 16 ಕಿಲೋವ್ಯಾಟಿಗೆ ಇಳಿಯುತ್ತದೆ; ಅದರಲ್ಲಿ ಗಾಳಿ, ಟಯರು, ಎಂಜಿನ್ನಿನ ತಡೆ ಕಳೆದು ಉಳಿಯುವುದನ್ನು ಮೋಟಾರು ಸಲೀಸಾಗಿ ನುಂಗಬಲ್ಲದು. ಮೊದಲಲ್ಲಿ ಹೇಳಿದ ವೈರ ಇದೇ. ಸ್ಪೋರ್ಟ್ಸ್ ಕಾರಿನ ಚಾಲಕ ಮಾಡುವ ಪ್ರತಿಯೊಂದು ಜೋರು ಬ್ರೇಕೂ ಹೈಬ್ರಿಡ್‌ನ ಬಾಯಿಂದ ಕಿತ್ತುಕೊಂಡ ತುತ್ತು. ಮೋಟಾರು ಚಿಕ್ಕದಾದಷ್ಟೂ ಕಳೆದುಕೊಳ್ಳುವುದು ಹೆಚ್ಚು.

ಮೈಲೇಜ್ ನಿರಾಸೆ ಮೂಡಿಸಿದ್ದು ಇದರಿಂದಲೇ. ಅಮೆರಿಕ ಸರ್ಕಾರದ ಅಳತೆಯಲ್ಲಿ ಮ್ಯಾನ್ಯುಅಲ್ ಮಾದರಿಗೆ ನಗರದಲ್ಲಿ ಗ್ಯಾಲನ್ನಿಗೆ 31, ಹೆದ್ದಾರಿಯಲ್ಲಿ 37 ಮೈಲಿ; ನಮ್ಮ ಲೆಕ್ಕದಲ್ಲಿ ಲೀಟರಿಗೆ 13ರಿಂದ 16 ಕಿಲೋಮೀಟರ್ ಒಳಗೆ. ಎಂಜಿನ್ನನ್ನು ಸದಾ ಮಿತವ್ಯಯದ ಸುತ್ತಿನಲ್ಲೇ ಇಡುವ ಗೇರಿಲ್ಲದ ಮಾದರಿ ಇದಕ್ಕಿಂತ ತುಸು ವಾಸಿ. ಐದು ಜನ ಕೂರುವ ಅದೇ ಕಾಲದ ಪ್ರಿಯಸ್ ಲೀಟರಿಗೆ 21 ಕೊಡುತ್ತಿತ್ತು. ಹೋಂಡಾದ್ದೇ 1999ರ ಇನ್‌ಸೈಟ್ ಕೂಡ ಎರಡು ಸೀಟಿನ ಹೈಬ್ರಿಡ್; ಅಲ್ಯೂಮಿನಿಯಂ ಮೈ, ಒಂದು ಲೀಟರಿನ ಮೂರು ಸಿಲಿಂಡರ್ ಎಂಜಿನ್, ತೂಕ 850 ಕಿಲೋ ಸುತ್ತಮುತ್ತ. ಮೈಲೇಜಿನಲ್ಲಿ ಸಿಆರ್-ಝಡ್ ಅದರ ಹತ್ತಿರಕ್ಕೂ ಸುಳಿಯಲಿಲ್ಲ. ಜಪಾನಿನಲ್ಲಿ 2010–11ರ 'ವರ್ಷದ ಕಾರು' ಪ್ರಶಸ್ತಿ ಬಂದರೂ, ಇದು ಅತ್ತ ಸ್ಪೋರ್ಟ್ಸೂ ಅಲ್ಲ, ಇತ್ತ ಮಿತವ್ಯಯಿಯೂ ಅಲ್ಲ ಎಂಬ ಟೀಕೆ ಕೊನೆಯವರೆಗೂ ಬಿಡಲಿಲ್ಲ. ಟೀಕೆ ಸುಳ್ಳಲ್ಲ. ಆದರೆ ಊರೊಳಗಿನ ಮೂರು ರಸ್ತೆ, ನಾಲ್ಕು ತಿರುವುಗಳಲ್ಲಿ ಅದು ಕೊಡುವ ಖುಷಿಯನ್ನು ಅಳೆಯುವ ಕಾಲಂ ಆ ಪಟ್ಟಿಗಳಲ್ಲಿರಲಿಲ್ಲ ಎಂಬುದೂ ಸುಳ್ಳಲ್ಲ.

ದೊಡ್ಡ ಮೋಟಾರು ಹಾಕಲು ಹೋಂಡಾ ಅಳುಕುತ್ತ ಕೂತಿದ್ದ ಹೊತ್ತಿನಲ್ಲೇ ಫಾರ್ಮುಲಾ ಒನ್ ರೇಸು ಬೇರೆ ದಾರಿ ತೋರಿಸಿತ್ತು. 2009ರಲ್ಲಿ ಅಲ್ಲಿ ಬ್ರೇಕಿನ ಶಕ್ತಿ ಹಿಡಿದಿಡುವ ಸಾಧನಕ್ಕೆ ಅನುಮತಿ ಸಿಕ್ಕಿತು: 60 ಕಿಲೋವ್ಯಾಟ್, ಟ್ರ್ಯಾಕಿನ ಸುತ್ತೊಂದಕ್ಕೆ 400 ಕಿಲೋಜೂಲ್. ಭಾಗಿಸಿ ನೋಡಿದರೆ ಆರೂಮುಕ್ಕಾಲು ಸೆಕೆಂಡಿನಷ್ಟು ಹೆಚ್ಚುವರಿ ಓಟ. ಒಟ್ಟು ಶಕ್ತಿ ನಮ್ಮ ಸಿಆರ್-ಝಡ್‌ನ ಬ್ಯಾಟರಿಯ ಐದನೇ ಒಂದು ಭಾಗ, ಆದರೆ ಅದನ್ನು ಸುರಿಯುವ ವೇಗ ಆರು ಪಟ್ಟು. ಸ್ಪೋರ್ಟ್ಸ್ ಕಾರಿಗೆ ದೊಡ್ಡ ಬ್ಯಾಟರಿಗಿಂತ ದಪ್ಪ ನಲ್ಲಿ ಮುಖ್ಯ. 2013ರ ಮಾದರಿಯಲ್ಲಿ ಹೋಂಡಾ ಲಿಥಿಯಂ ಬ್ಯಾಟರಿ, 15 ಕಿಲೋವ್ಯಾಟ್ ಮೋಟಾರು ಹಾಕಿ, ಸ್ಟಿಯರಿಂಗಿನ ಮೇಲೆ ಕೆಲವು ಸೆಕೆಂಡು ಪೂರ್ತಿ ಬಲ ಬಿಡುವ ಗುಂಡಿಯೊಂದನ್ನೂ ಕೊಟ್ಟಿತು. ಅಷ್ಟು ಹೊತ್ತಿಗೆ ತಡವಾಗಿತ್ತು. 2016ಕ್ಕೆ ಸಿಆರ್-ಝಡ್‌ನ ಕಾಲ ಮುಗಿಯಿತು.

2014ರ ಬಿಎಂಡಬ್ಲ್ಯು ಐ8ನಲ್ಲೂ ಇದ್ದದ್ದು 1.5 ಲೀಟರಿನ ಎಂಜಿನ್ನೇ, ಅದೂ ಮೂರೇ ಸಿಲಿಂಡರಿನದು. ಆದರೆ ಜೊತೆಗಿದ್ದ ಮೋಟಾರು 96 ಕಿಲೋವ್ಯಾಟಿನದು, ಬ್ಯಾಟರಿ ಏಳು ಯೂನಿಟ್. 362 ಹಾರ್ಸ್‌ಪವರ್, ನೂರರ ವೇಗಕ್ಕೆ 4.4 ಸೆಕೆಂಡು. ಮರುವರ್ಷ ಭಾರತಕ್ಕೂ ಬಂತು. ಬೆಲೆ ಎರಡು ಕೋಟಿ ದಾಟಿತ್ತು, ಆ ಮಾತು ಅಲ್ಲಿಗೇ ಬಿಡೋಣ. 2025ರಲ್ಲಿ ಹೋಂಡಾ ತನ್ನ ಹಳೆಯ ಪ್ರಿಲ್ಯೂಡ್ ಹೆಸರಿನಲ್ಲಿ ಮತ್ತೊಂದು ಹೈಬ್ರಿಡ್ ಕೂಪೆ ತಂದಿದೆ. ಇದರಲ್ಲಿ ಚಕ್ರ ತಿರುಗಿಸುವ ಮುಖ್ಯ ಕೆಲಸವೇ ಮೋಟಾರಿನದು, 135 ಕಿಲೋವ್ಯಾಟ್. ಎಂಜಿನ್ ಬಹುತೇಕ ವೇಳೆ ಕರೆಂಟು ತಯಾರಿಸುತ್ತ ಕೂರುತ್ತದೆ. ಸಾಂಪ್ರದಾಯಿಕ ಗೇರ್‌ಬಾಕ್ಸ್ ಇಲ್ಲದ ಕಾರಣ, ಗೇರು ಬದಲಾದಂತೆ ಭಾಸವಾಗಲೆಂದು ಎಳೆತವನ್ನೂ ಸದ್ದನ್ನೂ ಕಂಪ್ಯೂಟರ್ ಸೃಷ್ಟಿಸುತ್ತದೆ. ಇಲ್ಲದ ಗೇರನ್ನು ಇದೆಯೆಂದು ನಂಬಿಸುವ ಈ ನಾಟಕ ನನಗಂತೂ ಒಗ್ಗದು. ಆದರೆ ಬ್ರೇಕಿನ ಶಕ್ತಿಯನ್ನು ಹಿಡಿಯುವುದರಲ್ಲಿ ಅದರ ಮುಂದೆ ಸಿಆರ್-ಝಡ್ ಮಗು, ಒಪ್ಪಬೇಕು.

ಭಾರತದಲ್ಲಿ ಇಂಥ ಕೂಪೆಗಳು ಅಪರೂಪ. ನಮ್ಮ ಬಿಡದಿಯಲ್ಲಿ ತಯಾರಾಗುವ ಇನ್ನೋವಾ ಹೈಕ್ರಾಸ್, ಹೈರೈಡರ್ ಥರದ ಕುಟುಂಬದ ಹೈಬ್ರಿಡ್‌ಗಳೇ ಹೆಚ್ಚು. ಯಾವುದನ್ನೇ ಕೊಳ್ಳಲು ಹೊರಟರೂ ಮಾರಾಟಗಾರನನ್ನು ಎರಡು ಸಂಖ್ಯೆ ಕೇಳಿ: ಮೋಟಾರು ಎಷ್ಟು ಕಿಲೋವ್ಯಾಟ್, ಬ್ಯಾಟರಿ ಎಷ್ಟು ಯೂನಿಟ್. ಟೆಸ್ಟ್ ಡ್ರೈವಿಗೆ ಸಮತಟ್ಟಾದ ರಿಂಗ್ ರೋಡಿನಲ್ಲಿ ಒಂದು ಸುತ್ತು ಹಾಕಿಸಿ ಕಳಿಸಲು ನೋಡುತ್ತಾರೆ. ಒಪ್ಪಬೇಡಿ. ಉದ್ದನೆಯ ಏರೊಂದನ್ನು ಹತ್ತಿಸಿ, ಬ್ಯಾಟರಿಯ ಗೆರೆಗಳು ಇಳಿದ ಮೇಲೂ ಕಾರು ಅದೇ ಕಸುವಿನಲ್ಲಿ ಎಳೆಯುತ್ತದೆಯೇ ನೋಡಿ, ಆಮೇಲೆ ಮುಂಗಡ ಕೊಡಿ.