ಒಂದು ಕುಡುವಿಗೆ ಎಷ್ಟು? ನಮೀಬಿಯಾದ ಬೇಟೆ ಸಫಾರಿಯ ಬಿಲ್ ಬಿಚ್ಚಿ ನೋಡೋಣ

(ಪಾಡ್‌ಕಾಸ್ಟ್ ಕಂತಿನ ಪಠ್ಯರೂಪ. ಓದಲು ಅನುಕೂಲವಾಗುವಂತೆ ಅಲ್ಲಲ್ಲಿ ತಿದ್ದಲಾಗಿದೆ.)

ಇವತ್ತಿನ ಕಂತು ಶುರುವಾಗೋದು ಒಂದು ವಾಯ್ಸ್ ನೋಟ್‌ನಿಂದ. ಕಳಿಸಿದವರು ಹಾವೇರಿ ಜಿಲ್ಲೆಯ ಹುಡುಗ, ಈಗ ಅಮೆರಿಕದ ಡಲಾಸ್‌ನಲ್ಲಿ ಕೆಲಸ. ಅವರ ಮಾತಲ್ಲೇ ಹೇಳ್ತೀನಿ, ಕೇಳಿ:

"ಅಣ್ಣಾ, ಊರಾಗ ನಮ್ಮಪ್ಪ ಚಿಗರಿ ಓಡ್ಸಾಕ ದಿನಾ ನಸುಕಿನ್ಯಾಗ ಎದ್ದು ಹೊಲಕ್ಕ ಹೋಗ್ತಾನ. ಒಂದು ಕಲ್ಲು ಒಗಿಯಾಕೂ ಹೆದರಿಕಿ, ಎಲ್ಲಿ ಕೇಸ್ ಆಗ್ತೈತೋ ಅಂತ. ಇಲ್ಲಿ ನಮ್ಮ ಆಫೀಸಿನವ್ರು ರೊಕ್ಕಾ ಕೊಟ್ಟು ಅಂಥಾದ್ದ ಪ್ರಾಣಿ ಹೊಡ್ಯಾಕ ನಮೀಬಿಯಾಕ್ಕ ಹೊಂಟಾರ. ನನ್ನೂ ಬಾ ಅನ್ನಾಕತ್ತಾರ. ಇದು ಹ್ಯಾಂಗ ಸರಿ?"

ಚಿಗರಿ ಅಂದ್ರೆ ಕೃಷ್ಣಮೃಗ. ಮೂರು ಸಲ ಕೇಳಿದೆ ಈ ವಾಯ್ಸ್ ನೋಟ್. ಸರಿನಾ ತಪ್ಪಾ ಅಂತ ತಕ್ಷಣ ಹೇಳೋಕೆ ನನ್ನಿಂದ ಆಗಲಿಲ್ಲ. ನಾನು ಓದಿದ್ದು ಬಿ.ಕಾಂ. ಗೊತ್ತಾಗದ ವಿಷಯ ಬಂದ್ರೆ ನಾನು ಮಾಡೋದು ಒಂದೇ ಕೆಲಸ: ಬಿಲ್ ತೆಗೆದು ನೋಡೋದು. ದುಡ್ಡು ಯಾರ ಜೇಬಿಂದ ಹೊರಟು ಯಾರ ಜೇಬಿಗೆ ಹೋಗತ್ತೆ ಅಂತ ಹಿಂಬಾಲಿಸಿದ್ರೆ ಅರ್ಧ ಕಥೆ ಅಲ್ಲೇ ಸಿಗತ್ತೆ.

ಮೊದಲು ಒಂದು ಪದ ಸರಿ ಮಾಡ್ಕೊಳೋಣ. ಈ ವ್ಯಾಪಾರದಲ್ಲಿ "ಪ್ಲೇನ್ಸ್ ಗೇಮ್" ಅಂತಾರೆ. ಬಯಲು, ಕುರುಚಲು ಕಾಡಿನಲ್ಲಿ ಮೇಯುವ ಪ್ರಾಣಿಗಳು: ಕುಡು, ಜೆಮ್ಸ್‌ಬಾಕ್, ಇಂಪಾಲ, ಸ್ಪ್ರಿಂಗ್‌ಬಾಕ್, ವೈಲ್ಡ್‌ಬೀಸ್ಟ್, ಜೀಬ್ರಾ, ಜೊತೆಗೆ ವಾರ್ಟ್‌ಹಾಗ್ ಅನ್ನೋ ಕೋರೆಹಲ್ಲಿನ ಹಂದಿ. ಆನೆ, ಸಿಂಹ, ಚಿರತೆ, ಕಾಡೆಮ್ಮೆ, ಘೇಂಡಾಮೃಗ ಇದರಲ್ಲಿ ಬರಲ್ಲ, ಅವು "ಡೇಂಜರಸ್ ಗೇಮ್". 2015ರಲ್ಲಿ ಜಿಂಬಾಬ್ವೆಯ ಸೆಸಿಲ್ ಅನ್ನೋ ಸಿಂಹವನ್ನ ಒಬ್ಬ ಅಮೆರಿಕನ್ ಕೊಂದು ಜಗತ್ತೆಲ್ಲ ಗಲಾಟೆ ಆಯ್ತಲ್ಲ, ಅದು ಆ ಕಡೆಯ ಲೆಕ್ಕ. ಮೊದಲ ಸಲ ಹೋಗೋ ಸಾಮಾನ್ಯ ಬೇಟೆಗಾರ ಹೊಡೆಯೋದು ಬಹುತೇಕ ಜಿಂಕೆ ಜಾತಿ ಥರದ ಪ್ರಾಣಿಗಳನ್ನೇ.

ಈಗ ಬಿಲ್. ರೇಟ್ ಕಾರ್ಡ್ ನೋಡಿದ ತಕ್ಷಣ ನನಗೆ ಮದುವೆ ಛತ್ರದ ಕೊಟೇಶನ್ ನೆನಪಾಯ್ತು. ಮೇಲೆ ಒಂದು ಮೊತ್ತ, ಕೆಳಗೆ ಚಿಕ್ಕ ಅಕ್ಷರದಲ್ಲಿ ನಿಜವಾದ ಮೊತ್ತ. ಮುಖ್ಯವಾಗಿ ಎರಡು ಭಾಗ. ಒಂದು ದಿನದ ದರ: ಊಟ, ವಸತಿ, ಗಾಡಿ, ಗೈಡ್. ಇನ್ನೊಂದು ಟ್ರೋಫಿ ಫೀ, ಅಂದ್ರೆ ಹೊಡೆದ ಪ್ರತಿ ಪ್ರಾಣಿಗೆ ಬೇರೆ ಬೇರೆ ಬೆಲೆ. ನಿಮಗೆ ಅಂದಾಜು ಸಿಗಲಿ ಅಂತ ಮಾಮೂಲಿ ದರಗಳನ್ನ ಇಟ್ಕೊಂಡು ನಾನೇ ಒಂದು ಬಿಲ್ ಕಟ್ಟಿದೀನಿ. ಏಳು ದಿನ, ದಿನಕ್ಕೆ 400 ಡಾಲರ್, ಅಲ್ಲಿಗೆ 2,800. ಒಂದು ಜೆಮ್ಸ್‌ಬಾಕ್ 600, ಕುಡು 1,500, ಸ್ಪ್ರಿಂಗ್‌ಬಾಕ್ 400, ವಾರ್ಟ್‌ಹಾಗ್ 350. ಇದು 2,850. ರೈಫಲ್ ಬಾಡಿಗೆ ದಿನಕ್ಕೆ 30ರಂತೆ 210. ಗೈಡ್, ಹೆಜ್ಜೆ ಹಿಡಿಯೋ ಟ್ರ್ಯಾಕರ್, ಚರ್ಮ ಸುಲಿಯೋರು, ಅಡುಗೆಯವರು, ಇವರಿಗೆಲ್ಲ ಟಿಪ್ಸ್ ಹತ್ತಿರ ಹತ್ತಿರ ಶೇ. 10. ಒಟ್ಟು 6,400 ಡಾಲರ್, ನಮ್ಮ ದುಡ್ಡಲ್ಲಿ ಐದೂವರೆ ಲಕ್ಷ ದಾಟತ್ತೆ. ವಿಮಾನದ ಟಿಕೆಟ್ ಇದರಲ್ಲಿಲ್ಲ. ಕೊಂಬು, ಚರ್ಮವನ್ನ ಔಷಧಿಯಲ್ಲಿ ಅದ್ದಿ, ಗೊಂಬೆ ಮಾಡಿಸಿ, ಹಡಗಲ್ಲಿ ಮನೆಗೆ ತರಿಸೋ ಖರ್ಚೂ ಇಲ್ಲ. ಅದೇ ಇನ್ನೆರಡು ಮೂರು ಸಾವಿರ ಡಾಲರ್ ನುಂಗಬಹುದು. ತುಂಬಾ ಜನ ಎಡವೋದು ಇಲ್ಲೇ.

ಈ ಬಿಲ್‌ನಲ್ಲಿ ಒಂದು ಷರತ್ತು ಇರತ್ತೆ. ಪ್ರಾಣಿಗೆ ಗುಂಡು ತಾಗಿ, ನೆಲದ ಮೇಲೆ ಒಂದು ಹನಿ ರಕ್ತ ಕಂಡ್ರೂ ಸಾಕು, ಆ ಪ್ರಾಣಿ ಆಮೇಲೆ ಸಿಗಲಿ ಬಿಡಲಿ, ಪೂರ್ತಿ ಟ್ರೋಫಿ ಫೀ ಕಟ್ಟಬೇಕು. ಹೊರಗಿಂದ ನೋಡಿದ್ರೆ ಸುಲಿಗೆ ಅನ್ಸತ್ತೆ. ಸ್ವಲ್ಪ ಯೋಚಿಸಿದ್ರೆ, ಈ ಪೂರ್ತಿ ಕಾಗದದಲ್ಲಿ ಪ್ರಾಣಿಯ ಪರವಾಗಿ ಇರೋ ಸಾಲು ಇದೇ ಅನ್ನಿಸ್ತು ನನಗೆ. 1,500 ಡಾಲರ್ ಹೋಗತ್ತೆ ಅಂತ ಗೊತ್ತಿದ್ರೆ ಬೆರಳು ಸುಮ್ನೆ ಟ್ರಿಗರ್ ಮೇಲೆ ಹೋಗಲ್ಲ.

ಅಲ್ಲಿ ದಿನ ಹೇಗಿರತ್ತೆ ಅಂತ ಕೇಳಿದವರಿಗೆ ಚಿಕ್ಕದಾಗಿ ಹೇಳ್ತೀನಿ. ನಮೀಬಿಯಾದಲ್ಲಿ ಬೇಟೆಯ ಸೀಸನ್ ಫೆಬ್ರವರಿಯಿಂದ ನವೆಂಬರ್. ಹೆಚ್ಚು ಜನ ಹೋಗೋದು ಜೂನ್, ಜುಲೈ ಚಳಿಗಾಲದಲ್ಲಿ. ಹುಲ್ಲು ಒಣಗಿ ಪ್ರಾಣಿ ಕಾಣತ್ತೆ. ಮೊದಲ ದಿನ ಗುರಿಹಲಗೆಗೆ ಹೊಡೆಸಿ ರೈಫಲ್ ಸರಿ ಇದೆಯಾ, ನಿಮ್ಮ ಕೈ ಸರಿ ಇದೆಯಾ ಅಂತ ನೋಡ್ತಾರೆ. ಬೆಳಗ್ಗೆ ಗಡಗಡ ಚಳಿಯಲ್ಲಿ ಪಿಕಪ್ ಗಾಡಿ ಹೊರಡತ್ತೆ, ಹಿಂದೆ ಟ್ರ್ಯಾಕರ್ ನಿಂತಿರ್ತಾರೆ. ಪ್ರಾಣಿ ಕಂಡ್ರೆ ಇಳಿದು, ಗಾಳಿ ಯಾವ ಕಡೆ ಬೀಸ್ತಿದೆ ನೋಡಿ, ಬಗ್ಗಿಕೊಂಡು ನಡಿಗೆ. ಮೂರು ಕಾಲಿನ ಕೋಲಿನ ಮೇಲೆ ರೈಫಲ್ ಇಟ್ಟು ಕಾಯೋದು. ವಿದೇಶಿ ಬೇಟೆಗಾರ ಒಬ್ಬನೇ ಹೋಗೋ ಹಾಗಿಲ್ಲ. ಸರ್ಕಾರದಲ್ಲಿ ನೋಂದಾಯಿತ ಗೈಡ್ ಪಕ್ಕದಲ್ಲಿ ಇರಲೇಬೇಕು, ಪರ್ಮಿಟ್ ಇರಲೇಬೇಕು. ಯಾವ ಪ್ರಾಣಿ ಅನ್ನೋದು ಗೈಡ್ ಮಾತು. ಒಳ್ಳೆ ಗೈಡ್ ಆದ್ರೆ ವಯಸ್ಸಾದ, ಮರಿ ಹಾಕಿಸೋ ಕಾಲ ಮುಗಿದ ಗಂಡನ್ನೇ ತೋರಿಸ್ತಾರೆ. ಜೆಮ್ಸ್‌ಬಾಕ್‌ನಲ್ಲಿ ಹೆಣ್ಣಿಗೂ ಕೊಂಬಿದೆ, ಗಂಡಿಗಿಂತ ಉದ್ದ. ಹಾಗಾಗಿ ಅಲ್ಲಿ ಗೈಡ್ ಕಣ್ಣು ಇನ್ನೂ ಚುರುಕಾಗಿರಬೇಕು.

ಸರಿ, ಹೊಡೆದಾಯ್ತು. ಕುಡು ಗಂಡು ಅಂದ್ರೆ 200 ಕಿಲೋ ಮೀರಿದ ಪ್ರಾಣಿ. ಬೇಟೆಗಾರನಿಗೆ ಸಿಗೋದು ಕೊಂಬು, ಚರ್ಮ, ಒಂದು ಫೋಟೋ. ಮಾಂಸ? ಖಾಸಗಿ ಜಮೀನಾದ್ರೆ ಅದು ಮಾಲೀಕನದ್ದು. ಒಂದಿಷ್ಟು ರಾತ್ರಿ ಊಟಕ್ಕೆ, ಒಂದಿಷ್ಟು ಕೆಲಸದವರಿಗೆ, ಉಳಿದದ್ದು ಕಸಾಯಿ ಅಂಗಡಿಗೆ. ಬಿಲ್ಟಾಂಗ್ ಅಂತ ಒಣಗಿಸಿ ಮಾರ್ತಾರೆ, ದಕ್ಷಿಣ ಆಫ್ರಿಕಾ ಕಡೆ ಅದು ನಮ್ಮ ಚಕ್ಲಿ ನಿಪ್ಪಟ್ಟಿನ ಹಾಗೆ ಎಲ್ಲಾ ಅಂಗಡೀಲೂ ಸಿಗತ್ತೆ. ಅಂದ್ರೆ ಒಂದೇ ಪ್ರಾಣಿಗೆ ಮಾಲೀಕನಿಗೆ ಎರಡು ಸಲ ಆದಾಯ.

ಇಲ್ಲಿ ನೀವು ಕೇಳ್ಬೇಕಾದ ಪ್ರಶ್ನೆ: ಕಾಡುಪ್ರಾಣಿಗೆ "ಮಾಲೀಕ" ಹೇಗಾದ?

ಇದೇ ನೋಡಿ ವಿಷಯದ ತಿರುಳು. ಒಂದು ಕಾಲದಲ್ಲಿ ನಮೀಬಿಯಾದಲ್ಲೂ ಕಾಡುಪ್ರಾಣಿ ಸರ್ಕಾರದ್ದೇ. ರೈತನ ಲೆಕ್ಕದಲ್ಲಿ ಕುಡು ಅಂದ್ರೆ ತನ್ನ ದನದ ಮೇವು ತಿನ್ನೋ ಪೀಡೆ. ಖರ್ಚು ಅವನದು, ಆಸ್ತಿ ಸರ್ಕಾರದ್ದು. 1967ರಲ್ಲಿ, ಆಮೇಲೆ 1975ರ ಕಾಯ್ದೆಯಲ್ಲಿ, ಖಾಸಗಿ ಜಮೀನಿನವರಿಗೆ ತಮ್ಮ ನೆಲದ ಪ್ರಾಣಿಗಳ ಮೇಲೆ ಷರತ್ತಿನ ಹಕ್ಕು ಕೊಟ್ರು. ನಷ್ಟದ ಕಾಲಂನಲ್ಲಿದ್ದ ಕುಡು ಆಸ್ತಿಯ ಕಾಲಂಗೆ ಬಂತು. ಜನ ದನದ ಜೊತೆ ಕುಡುವನ್ನೂ ಉಳಿಸೋಕೆ ಶುರು ಮಾಡಿದ್ರು. ದಕ್ಷಿಣ ಆಫ್ರಿಕಾದಲ್ಲಿ 1991ರ ಗೇಮ್ ಥೆಫ್ಟ್ ಕಾಯ್ದೆ ಇದೇ ಕೆಲಸ ಮಾಡ್ತು: ಸರಿಯಾದ ಬೇಲಿ ಹಾಕಿದ್ರೆ, ಪ್ರಾಣಿ ತಪ್ಪಿಸ್ಕೊಂಡು ಹೋದ್ರೂ ಅದು ನಿಮ್ಮದೇ.

ಆದ್ರೆ ಆ ಹಕ್ಕು ಯಾರಿಗೆ ಸಿಕ್ತು? ಆಗ ಖಾಸಗಿ ಜಮೀನು ಇದ್ದಿದ್ದು ಬಿಳಿಯರ ಕೈಲಿ. ಇವತ್ತಿಗೂ ನಮೀಬಿಯಾದ ಖಾಸಗಿ ಕೃಷಿಭೂಮಿಯಲ್ಲಿ ಸುಮಾರು ಶೇ. 70 ಅವರದ್ದೇ. ಊರೊಟ್ಟಿನ ನೆಲದಲ್ಲಿ ಬದುಕೋ ಕಪ್ಪು ಜನರಿಗೆ ಅದೇ ಹಕ್ಕು ಬರೋಕೆ ಸ್ವಾತಂತ್ರ್ಯ ಸಿಕ್ಕಿ, 1996ರ ತಿದ್ದುಪಡಿ ಬರಬೇಕಾಯ್ತು. ಕಾಯ್ದೆ ಹೇಳಿದ್ದು ಇಷ್ಟು: ಒಂದು ಪ್ರದೇಶದ ಜನ ಗಡಿ ಗುರುತಿಸಿ, ಸದಸ್ಯರ ಪಟ್ಟಿ ಮಾಡಿ, ಸಮಿತಿ ಕಟ್ಟಿದ್ರೆ "ಕನ್ಸರ್ವೆನ್ಸಿ" ಆಗ್ತಾರೆ. ಪ್ರಾಣಿಗಳಿಂದ ಬರೋ ಆದಾಯ ಅವರದ್ದು. ನಮ್ಮ ಹಾಲಿನ ಸೊಸೈಟಿ ಇದೆಯಲ್ಲ, ಹೆಚ್ಚುಕಮ್ಮಿ ಹಾಗೆ ಅಂದ್ಕೊಳಿ. 1998ರಲ್ಲಿ ಮೊದಲ ನಾಲ್ಕು ನೋಂದಾಯಿತವಾದವು, ಅದರಲ್ಲಿ ಸಾನ್ ಜನರ ನ್ಯಾಯೆ ನ್ಯಾಯೆ ಕೂಡ ಒಂದು. ಈಗ 86 ಇವೆ, ದೇಶದ ನೆಲದ ಐದನೇ ಒಂದು ಭಾಗ.

ಈ ಕನ್ಸರ್ವೆನ್ಸಿಗಳ ಲೆಕ್ಕವನ್ನ 2016ರಲ್ಲಿ ಒಂದು ಅಧ್ಯಯನ ಬಿಡಿಸಿ ನೋಡಿತ್ತು. ಕ್ಯಾಮೆರಾ ಹಿಡಿದು ಬರೋ ಪ್ರವಾಸಿಗಳಿಂದ ಲಾಭ ಬರೋದು ಮುಖ್ಯವಾಗಿ ಸಂಬಳದ ರೂಪದಲ್ಲಿ, ಲಾಡ್ಜ್‌ನಲ್ಲಿ ಕೆಲಸ ಸಿಕ್ಕವರಿಗೆ. ಬೇಟೆಯಿಂದ ಬರೋದು ಸಮಿತಿಯ ಕೈಗೆ ನಗದು ಮತ್ತು ಊರವರಿಗೆ ಮಾಂಸ. ಮತ್ತೆ ಬೇಟೆಯ ದುಡ್ಡು ಬೇಗ ಬರೋಕೆ ಶುರುವಾಗತ್ತೆ, ಲಾಡ್ಜ್ ಕಟ್ಟಿ ಹೆಸರು ಮಾಡೋವರೆಗೆ ಕಾಯಬೇಕಿಲ್ಲ. ರಸ್ತೆ ಇಲ್ಲದ, ನೋಡೋಕೆ ಅಂಥ ಚೆಂದವೂ ಇಲ್ಲದ ಜಾಗಕ್ಕೆ ಪ್ರವಾಸಿ ಬರಲ್ಲ, ಬೇಟೆಗಾರ ಬರ್ತಾನೆ.

ಇಷ್ಟು ಕೇಳಿ "ಹಾಗಾದ್ರೆ ಬೇಟೆ ಒಳ್ಳೇದು" ಅಂತ ತೀರ್ಮಾನ ಮಾಡ್ಬೇಡಿ, ಇದೇ ಲೆಕ್ಕ ಹುಚ್ಚು ಹಿಡಿದ ಕಥೆನೂ ಇದೆ. ದಕ್ಷಿಣ ಆಫ್ರಿಕಾದಲ್ಲಿ ಪ್ರಾಣಿ ಆಸ್ತಿ ಆದ ಮೇಲೆ ಷೇರು ಮಾರುಕಟ್ಟೆಯೂ ಆಯ್ತು. ಕಪ್ಪು ಇಂಪಾಲ, ಬಂಗಾರ ಬಣ್ಣದ ವೈಲ್ಡ್‌ಬೀಸ್ಟ್ ಅಂತ ಅಪರೂಪದ ಬಣ್ಣಗಳನ್ನ ಬೇಕಂತಲೇ ತಳಿ ಮಾಡಿ ಹರಾಜು ಹಾಕಿದ್ರು. 2012ರಲ್ಲಿ ಸಿರಿಲ್ ರಾಮಫೋಸಾ, ಹೌದು, ಈಗಿನ ಅಧ್ಯಕ್ಷರೇ, ಒಂದು ಕಾಡೆಮ್ಮೆ ಮತ್ತು ಅದರ ಕರುವಿಗೆ 1.95 ಕೋಟಿ ರ್‍ಯಾಂಡ್‌ವರೆಗೆ ಬಿಡ್ ಕೂಗಿದ್ರು. ಸಿಗಲಿಲ್ಲ, ಆಮೇಲೆ ಬಡವರ ದೇಶದಲ್ಲಿ ಹಾಗೆ ಮಾಡಬಾರದಿತ್ತು ಅಂತ ಕ್ಷಮೆ ಕೇಳಿದ್ರು. 2016ರಲ್ಲಿ ಹೊರೈಝನ್ ಅನ್ನೋ ಒಂದು ಗಂಡು ಕಾಡೆಮ್ಮೆಯ ಕಾಲು ಪಾಲು 4.4 ಕೋಟಿ ರ್‍ಯಾಂಡ್‌ಗೆ ಮಾರಾಟ. ಕಾಲು ಪಾಲು ಅಂದ್ರೆ ಒಂದು ಕಾಲಲ್ಲ ಮಾರಾಯ್ರೆ, ಶೇ. 25 ಒಡೆತನ! ಆಮೇಲೆ ಏನಾಯ್ತು? ಎಲ್ಲರೂ ಮರಿ ಮಾಡಿಸಿ ಮಾರೋರೇ, ಕೊನೆಗೆ ಕೊಳ್ಳೋರು ಯಾರು? ಬಣ್ಣದ ಪ್ರಾಣಿಗಳ ಬೆಲೆ ಕುಸಿದು ಬಿತ್ತು. ಇದಕ್ಕೆ ಕಾಡು ಉಳಿಸೋದು ಅಂತ ಹೆಸರು ಕೊಡೋಕೆ ನನಗಂತೂ ಬಾಯಿ ಬರಲ್ಲ. ಸಣ್ಣ ಬೇಲಿಯೊಳಗೆ ಹರಾಜಿಂದ ತಂದ ಪ್ರಾಣಿ ಬಿಟ್ಟು ಮುಂದಿನ ವಾರ ಗಿರಾಕಿಯಿಂದ ಹೊಡೆಸೋರೂ ಇದ್ದಾರೆ. ಅದನ್ನ ಬೇಟೆಗಾರರೇ ಬೈತಾರೆ.

ಇನ್ನೊಂದು ದಾರಿ ಪೂರ್ತಿ ನಿಷೇಧ. ಕೀನ್ಯಾ 1977ರಲ್ಲಿ ಬೇಟೆ ನಿಲ್ಲಿಸ್ತು. ಅಲ್ಲಿಂದ 2016ರವರೆಗೆ ಅಲ್ಲಿನ ಹುಲ್ಲುಗಾವಲು ಜಿಲ್ಲೆಗಳಲ್ಲಿ ಕಾಡುಪ್ರಾಣಿ ಸರಾಸರಿ ಶೇ. 68 ಕಡಿಮೆ ಆಯ್ತು ಅನ್ನತ್ತೆ ಒಂದು ದೊಡ್ಡ ಗಣತಿ ಅಧ್ಯಯನ. ಬೇಟೆ ಪರ ಇರೋರು ಈ ಸಂಖ್ಯೆಯನ್ನ ಹಣೆಗೆ ಅಂಟಿಸ್ಕೊಂಡು ಓಡಾಡ್ತಾರೆ. ಆದ್ರೆ ಅದೇ ಅವಧಿಯಲ್ಲಿ ಅಲ್ಲಿ ಜನ, ದನ, ಕುರಿ, ಬೇಲಿ ಎಲ್ಲಾ ಜಾಸ್ತಿ ಆಗಿವೆ, ಬರ ಬಂದಿದೆ. ನಿಷೇಧ ಒಂದನ್ನೇ ಕಟಕಟೆಯಲ್ಲಿ ನಿಲ್ಲಿಸೋಕಾಗಲ್ಲ. ನಮ್ಮಲ್ಲಿ 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಹುಲಿ ಉಳಿದಿದೆ, ಕೃಷ್ಣಮೃಗ ಉಳಿದಿದೆ. ರಾಣೆಬೆನ್ನೂರಿನ ಅಭಯಾರಣ್ಯ 1974ರದ್ದು. ನಾವು ದುಡ್ಡಿನ ದಾರಿ ಹಿಡಿಯದೇ ಕಾನೂನಿನ ದಾರಿಯಲ್ಲೇ ಉಳಿಸಿದ್ವಿ, ಅದು ಸಣ್ಣ ಮಾತಲ್ಲ. ಅದರ ಖರ್ಚು ಯಾರ ಖಾತೆಗೆ ಬಿತ್ತು ಅಂದ್ರೆ, ನಸುಕಿನಲ್ಲಿ ಹೊಲಕ್ಕೆ ಓಡೋ ಅಪ್ಪನ ಖಾತೆಗೆ. ಬೆಳೆ ಪರಿಹಾರ ಇದೆ, ಅರ್ಜಿ ಹಾಕ್ಬೇಕು, ಕಾಯ್ಬೇಕು. ಅದು ನಷ್ಟ ತುಂಬೋ ದುಡ್ಡು. ಚಿಗರಿ ಬದುಕಿದ್ರೆ ಆ ಹೊಲಕ್ಕೆ ಲಾಭ ಅನ್ನೋ ಸಾಲು ಅವರ ಲೆಕ್ಕದ ಪುಸ್ತಕದಲ್ಲಿ ಇಲ್ಲವೇ ಇಲ್ಲ.

ಡಲಾಸ್ ಗೆಳೆಯರಿಗೆ ಒಂದು ವಿಷಯ ಗೊತ್ತಿರಲಿಲ್ಲ, ಹೇಳಿದಾಗ ಎರಡು ನಿಮಿಷ ಮಾತೇ ಆಡಲಿಲ್ಲ. ಚಿಗರಿ ಹೊಡೆಯೋಕೆ ನಮೀಬಿಯಾಕ್ಕೂ ಹೋಗ್ಬೇಕಿಲ್ಲ. 1930ರ ದಶಕದಲ್ಲಿ ಕೃಷ್ಣಮೃಗವನ್ನ ಟೆಕ್ಸಾಸ್‌ಗೆ ಒಯ್ದು ಬಿಟ್ಟಿದ್ರು. ಈಗ ಅಲ್ಲಿನ ಖಾಸಗಿ ರ್‍ಯಾಂಚ್‌ಗಳಲ್ಲಿ ಸಾವಿರಗಟ್ಟಲೆ ಇವೆ, ರೇಟ್ ಕಾರ್ಡ್‌ನಲ್ಲಿ ಅವುಗಳ ಹೆಸರೂ ಇರತ್ತೆ. ಇಲ್ಲಿ ಜೈಲು, ಅಲ್ಲಿ ಕೆಲವು ಸಾವಿರ ಡಾಲರ್. ಅವರ ಮನೆಯಿಂದ ಕಾರಿನಲ್ಲಿ ಹೋಗೋ ದೂರ.

ಹೋಗೋದಾದ್ರೆ ಏನು ಕೇಳ್ಬೇಕು ಅಂತ ಅವರಿಗೆ ಹೇಳಿದ್ದನ್ನೇ ನಿಮಗೂ ಹೇಳ್ತೀನಿ. ನೆಲ ಯಾರದ್ದು, ಖಾಸಗಿಯಾ, ಕನ್ಸರ್ವೆನ್ಸಿಯಾ? ಟ್ರೋಫಿ ಫೀನಲ್ಲಿ ಊರವರಿಗೆ ಎಷ್ಟು ಹೋಗತ್ತೆ, ಬರವಣಿಗೆಯಲ್ಲಿ ಕೊಡ್ತೀರಾ? ಪ್ರಾಣಿ ಅಲ್ಲೇ ಹುಟ್ಟಿದ್ದಾ, ಹರಾಜಿಂದ ಬಂದಿದ್ದಾ? ಬೇಲಿಯೊಳಗೆ ಎಷ್ಟು ಹೆಕ್ಟೇರ್? ಗೈಡ್‌ನ ನೋಂದಣಿ ತೋರಿಸಿ. ಮಾಂಸ ಎಲ್ಲಿಗೆ ಹೋಗತ್ತೆ? ಇವಕ್ಕೆ ನೇರ ಉತ್ತರ ಬರದಿದ್ರೆ ಮುಂಗಡ ಕಟ್ಬೇಡಿ. ಮತ್ತೆ, ಕೊಂಬನ್ನ ಊರಿಗೆ ತಂದು ಪಡಸಾಲೆಯಲ್ಲಿ ನೇತು ಹಾಕೋ ಆಸೆ ಇದ್ರೆ ಈಗಲೇ ಬಿಟ್ಬಿಡಿ. ಕಾಡುಪ್ರಾಣಿಯ ಅಂಗಾಂಗಗಳ ಆಮದಿಗೆ ಭಾರತದಲ್ಲಿ ನಿರ್ಬಂಧ ಇದೆ, ಏರ್‌ಪೋರ್ಟ್‌ನಲ್ಲೇ ಕಥೆ ಮುಗಿಯತ್ತೆ. ಮೈಸೂರಿನ ವ್ಯಾನ್ ಇಂಗನ್ ಅವರು ಮಹಾರಾಜರಿಗೆ ಹುಲಿ, ಚಿರತೆ ತಲೆ ತುಂಬಿ ಕೊಡ್ತಿದ್ದ ಕಾಲ ಹೋಯ್ತು, ಆ ಕಾರ್ಖಾನೆಯೇ 1999ರಲ್ಲಿ ಬಾಗಿಲು ಹಾಕಿತು.

ಅವರು ಹೋಗ್ತಾರಾ ಇಲ್ವಾ, ಇನ್ನೂ ನಿರ್ಧಾರ ಮಾಡಿಲ್ಲ. ಕಳೆದ ಭಾನುವಾರ ಊರಿಗೆ ವಿಡಿಯೋ ಕಾಲ್ ಮಾಡಿ ಅಪ್ಪನಿಗೆ ಇದನ್ನೆಲ್ಲ ವಿವರಿಸಿದ್ರಂತೆ. ಕೊಂಬು, ರೈಫಲ್, ಐದೂವರೆ ಲಕ್ಷ, ಎಲ್ಲಾ ಸುಮ್ಮನೆ ಕೇಳಿಸ್ಕೊಂಡ ಅಪ್ಪ ಒಂದೇ ಮಾತು ಕೇಳಿದ್ರಂತೆ: "ಅಲ್ಲೀ ಮಂದೀಗೆ ಆ ರೊಕ್ಕಾ ಖರೇವಂದ್ರೂ ಮುಟ್ಟತೈತೇನೋ ತಮ್ಮಾ?"

ನಿಮ್ಮ ಊರಲ್ಲಿ ಬೆಳೆ ಪರಿಹಾರದ ಅರ್ಜಿ ಹಾಕಿದವರಿದ್ರೆ ವಾಯ್ಸ್ ನೋಟ್ ಕಳಿಸಿ. ಎಷ್ಟು ಕೇಳಿದ್ರಿ, ಎಷ್ಟು ಬಂತು, ಎಷ್ಟು ದಿನ ಆಯ್ತು, ಇಷ್ಟು ಸಾಕು. ಮುಂದಿನ ಕಂತು ಅದರ ಮೇಲೇನೇ.