ಬೇಲಿಯಂಚಿನ ಪಥಿಕರು

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳ ಸೀಮೆಗೆ ರೇಷ್ಮೆಹುಳುವಿನ ಬಾಳು ಹೊಸತಲ್ಲ. ಮೊಟ್ಟೆ, ಹುಳು, ಕೋಶ, ಪತಂಗ ಎಂಬ ನಾಲ್ಕು ಅವಸ್ಥೆಗಳನ್ನು ಇಲ್ಲಿನ ಹುಳುಮನೆಗಳಲ್ಲಿ ಕಾಣಬಹುದು. ಸಾವಿರಾರು ವರ್ಷ ಮನುಷ್ಯನ ಆರೈಕೆಯಲ್ಲಿ ಬಾಳಿದ ಆ ಪತಂಗ ಹಾರುವ ಶಕ್ತಿಯನ್ನೇ ಕಳೆದುಕೊಂಡಿದೆ. ಆದರೆ ಅದೇ ನಾಲ್ಕು ಅವಸ್ಥೆಗಳನ್ನು ದಾಟಿ, ಯಾರ ಆರೈಕೆಯೂ ಇಲ್ಲದೆ ಬದುಕುವ ಚಿಟ್ಟೆಗಳು ಹೊಲದ ಬೇಲಿಯಲ್ಲಿಯೇ ಇವೆ. ಅವುಗಳಲ್ಲಿ ಕೆಲವು ನೂರಾರು ಕಿಲೋಮೀಟರು ಹಾರಬಲ್ಲವು.

ಬೇಲಿಯ ಎಕ್ಕದ ಗಿಡವನ್ನೇ ನೋಡಿರಿ. ಕಿತ್ತಳೆ ಬಣ್ಣದ ಪ್ಲೇನ್ ಟೈಗರ್ ಚಿಟ್ಟೆ ಅದರ ಎಲೆಯ ಮೇಲೆ ಒಂದೊಂದಾಗಿ ಮೊಟ್ಟೆಯಿಡುತ್ತದೆ. ಹೊರಬಂದ ಮರಿಹುಳು ಮೊದಲು ತನ್ನ ಮೊಟ್ಟೆಯ ಸಿಪ್ಪೆಯನ್ನೂ ಬಳಿಕ ಎಲೆಯನ್ನೂ ತಿನ್ನುತ್ತದೆ. ನಾಲ್ಕು ಬಾರಿ ಪೊರೆ ಕಳಚಿ ಬೆಳೆದು, ಕೊನೆಗೆ ತಲೆಕೆಳಗಾಗಿ ತೂಗಿ ಕೋಶವಾಗುತ್ತದೆ. ಬೆಚ್ಚನೆಯ ದಿನಗಳಲ್ಲಿ ಈ ಮಾರ್ಪಾಡಿಗೆ ಒಂದು ತಿಂಗಳೂ ಬೇಕಿಲ್ಲ. ದನಕರುಗಳು ಮುಟ್ಟದ ಎಕ್ಕದ ವಿಷವೇ ಈ ಹುಳುವಿಗೆ ಕವಚ. ಅದನ್ನು ಒಮ್ಮೆ ತಿಂದು ನೊಂದ ಹಕ್ಕಿ ಮತ್ತೆ ಅತ್ತ ಸುಳಿಯದು.

ಇದರ ಬಂಧುಗಳಾದ ಬ್ಲೂ ಟೈಗರ್, ಡಾರ್ಕ್ ಬ್ಲೂ ಟೈಗರ್, ಕಾಮನ್ ಕ್ರೋ ಮುಂತಾದ ಚಿಟ್ಟೆಗಳು ದಕ್ಷಿಣ ಭಾರತದ ದೊಡ್ಡ ವಲಸೆಗಾರರು. ಮುಂಗಾರಿನ ಜಡಿಮಳೆ ಪಶ್ಚಿಮ ಘಟ್ಟವನ್ನು ತೋಯಿಸುವ ಮುನ್ನ ಅವು ಹಿಂಡುಹಿಂಡಾಗಿ ಪೂರ್ವದ ಬಯಲಿನತ್ತ ಹೊರಡುತ್ತವೆ. ಅಲ್ಲಿನ ಹಗುರ ಮಳೆಗೆ ಚಿಗುರಿದ ಗಿಡಬಳ್ಳಿಗಳ ಮೇಲೆ ಮೊಟ್ಟೆಯಿಡುತ್ತವೆ. ಅಕ್ಟೋಬರ್, ನವೆಂಬರ್ ತಿಂಗಳ ಹೊತ್ತಿಗೆ ಘಟ್ಟಕ್ಕೆ ಮರಳುವವು ಹೋದ ಚಿಟ್ಟೆಗಳಲ್ಲ, ಅವುಗಳ ಸಂತತಿ. ತಾವು ಎಂದೂ ಕಾಣದ ಕಾಡಿಗೆ ಅವು ಹೋಗಿ ಸೇರುತ್ತವೆ. ಹಾದಿ ತೋರುವ ಹಿರಿಯರು ಜೊತೆಗಿರುವುದಿಲ್ಲ.

ಪ್ಲೇನ್ ಟೈಗರಿನ ಸಮೀಪದ ಬಂಧುವಾದ ಅಮೆರಿಕದ ಮೊನಾರ್ಕ್ ಚಿಟ್ಟೆಯ ಪಯಣ ಲೋಕಪ್ರಸಿದ್ಧವಾದುದು. ಶರತ್ಕಾಲದಲ್ಲಿ ಹುಟ್ಟಿದ ಅದರ ಪೀಳಿಗೆ ಕೆನಡಾದ ಕಡೆಯಿಂದ ಮೆಕ್ಸಿಕೋದವರೆಗೆ ಸುಮಾರು 4000 ಕಿಲೋಮೀಟರು ಹಾರುತ್ತದೆ. ಕೆನಡಾದ ಫ್ರೆಡ್ ಉರ್ಕ್‌ಹಾರ್ಟ್ ಮತ್ತು ಅವರ ಪತ್ನಿ ನೋರಾ ಅವರು ಚಿಟ್ಟೆಗಳ ರೆಕ್ಕೆಗೆ ಪುಟ್ಟ ಗುರುತುಚೀಟಿ ಅಂಟಿಸಿ ದಶಕಗಳ ಕಾಲ ಈ ಹಾದಿಯನ್ನು ಅರಸಿದರು. ಸಾಮಾನ್ಯ ಜನರು ಅನೇಕರು ಅವರಿಗೆ ನೆರವಾದರು. ಕೊನೆಗೆ 1975ರಲ್ಲಿ ಮೆಕ್ಸಿಕೋದ ಬೆಟ್ಟದ ಮರಗಳಲ್ಲಿ ಚಳಿಗಾಲ ಕಳೆಯುತ್ತಿದ್ದ ಲಕ್ಷಾಂತರ ಚಿಟ್ಟೆಗಳು ಅವರ ನೆರವುಗಾರರ ಕಣ್ಣಿಗೆ ಬಿದ್ದವು.

ದೂರ ನಡೆಯುವ ದಾರಿಹೋಕನಿಗೆ ಅರವಟ್ಟಿಗೆ, ಛತ್ರಗಳು ಬೇಕು. ಚಿಟ್ಟೆಗೆ ಬೇಲಿಯೇ ಛತ್ರ. ಅಲ್ಲಿನ ಹೂಗಳಲ್ಲಿ ಅದಕ್ಕೆ ಮಕರಂದವುಂಟು. ಒಣಗಿದ ಕಾಯಿ ಗೆಜ್ಜೆಯಂತೆ ಸದ್ದುಮಾಡುವ ಗಿಲಿಗಿಚ್ಚಿ ಗಿಡದ ರಸವನ್ನು ಗಂಡುಚಿಟ್ಟೆಗಳು ಮುತ್ತಿ ಹೀರುತ್ತವೆ. ಹೆಣ್ಣನ್ನು ಒಲಿಸುವ ಪರಿಮಳಕ್ಕೆ ಅದರ ಸಾರ ಬೇಕು. ಎಕ್ಕ, ಗಿಲಿಗಿಚ್ಚಿಗಳನ್ನು ಕೆಲಸಕ್ಕೆ ಬಾರದ ಕಳೆಯೆಂದು ಸುಟ್ಟು, ಬೇಲಿಯ ಬದಲು ಕಲ್ಲುಕಂಬ ತಂತಿ ಬಿಗಿದರೆ, ಛತ್ರದ ಬಾಗಿಲು ಮುಚ್ಚಿದಂತೆಯೇ ಸರಿ.

ಮುಂಗಾರಿಗೆ ಮುನ್ನ ಒಂದೇ ದಿಕ್ಕಿಗೆ ಸಾಲಾಗಿ ಸಾಗುವ ಚಿಟ್ಟೆಗಳನ್ನು ಕಂಡ ವಿದ್ಯಾರ್ಥಿ ಆ ದಿನ, ವೇಳೆ, ದಿಕ್ಕುಗಳನ್ನು ಬರೆದಿಡಲಿ. ಮನೆಯ ಹಿರಿಯರು ಬೇಲಿ ಸವರಲು ಹೊರಟಾಗ, ಮರಿಹುಳುಗಳಿರುವ ಎಕ್ಕದ ಗಿಡವೊಂದನ್ನು ಉಳಿಸುವಂತೆ ಕೇಳಲಿ. ಕಾಣದ ಊರಿಗೆ ಹೊರಟ ಪಥಿಕನಿಗೆ ಅದಕ್ಕಿಂತ ದೊಡ್ಡ ಆತಿಥ್ಯವಿಲ್ಲ.